ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ? ವಿಶ್ವವಿದ್ಯಾಲಯದ ಹತ್ತಿರ ಮೊದಲ ಕಟ್ಟಡ ಕಟ್ಟುವವರ ಜೊತೆ ಒಂದಿಷ್ಟು ಮಾತು

(ಧಾರವಾಡದಲ್ಲಿ ಮೊದಲ ಸಲ ಕಟ್ಟಡ ಕಟ್ಟಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎರಡು ತರಹದ ಜನ ಕೂತಿದ್ದೀರಿ. ಕೆಲವರ ಹತ್ತಿರ ಜಾಗ ಇದೆ, ದುಡ್ಡಿಲ್ಲ. ಇನ್ನು ಕೆಲವರು ಬೆಂಗಳೂರಿನಲ್ಲೋ ದುಬೈಯಲ್ಲೋ ದುಡಿದು ಒಂದಿಷ್ಟು ಕೂಡಿಸಿದ್ದೀರಿ, ಜಾಗ ಹುಡುಕುತ್ತಿದ್ದೀರಿ. ಆದರೆ ಎರಡೂ ಕಡೆಯವರು ಹೇಳುವ ಮಾತು ಒಂದೇ: "ಯುನಿವರ್ಸಿಟಿ ಬಾಜೂಕ ಐತ್ರಿ, ಏನ್ ಕಟ್ಟಿದ್ರೂ ತುಂಬತೈತಿ." ಇವತ್ತು ಈ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಧಾರವಾಡದಲ್ಲಿ ವಿದ್ಯಾಸಂಸ್ಥೆಗಳಿಗೆ ಬರ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ, ಮರುವರ್ಷ ಇಲ್ಲಿಗೆ ಬಂತು. ಆಮೇಲೆ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ನೆಲೆ ನಿಂತಿತು. ಕೃಷಿ ವಿಶ್ವವಿದ್ಯಾಲಯ 1986ರದ್ದು. ಐಐಐಟಿ 2015ರಲ್ಲಿ, ಐಐಟಿ 2016ರಲ್ಲಿ ಬಂದವು. ಕಾನೂನು ವಿಶ್ವವಿದ್ಯಾಲಯ ನವನಗರದಲ್ಲಿದೆ. ಇಷ್ಟೆಲ್ಲ ಇದ್ದರೂ ಒಂದು ಸಂಸ್ಥೆಯ ಗೇಟಿನ ಮುಂದೆ ರೂಮು ಖಾಲಿ ಇರುತ್ತದೆ. ಇನ್ನೊಂದರಿಂದ ಮೂರು ಕಿಲೋಮೀಟರ್ ದೂರದ ಓಣಿಯಲ್ಲಿ ಕಾಟು ಹಾಕಲು ಜಾಗ ಸಿಗುವುದಿಲ್ಲ. ಏಕೆ ಅನ್ನೋದು ಗೊತ್ತಾದರೆ ನಿಮ್ಮ ಅರ್ಧ ಪ್ಲ್ಯಾನಿಂಗ್ ಮುಗಿದ ಹಾಗೆ.

ಐಐಟಿಯನ್ನೇ ತೆಗೆದುಕೊಳ್ಳಿ. ಮೊದಲು ವಾಲ್ಮಿ ಅನ್ನೋ ಸರ್ಕಾರಿ ಸಂಸ್ಥೆಯ ಆವರಣದಲ್ಲಿ ತಾತ್ಕಾಲಿಕವಾಗಿ ನಡೆಯುತ್ತಿತ್ತು. 2023ರ ಮಾರ್ಚ್ 12ರಂದು ಚಿಕ್ಕಮಲ್ಲಿಗವಾಡದ ಹತ್ತಿರದ ಕಾಯಂ ಕ್ಯಾಂಪಸ್ ಉದ್ಘಾಟನೆ ಆಯಿತು. ಜಾಗದ ಏಜೆಂಟರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಾ? ಆದರೆ ಐಐಟಿ ವಸತಿ ಸಹಿತ ಸಂಸ್ಥೆ. ಹುಡುಗರು ಒಳಗೇ ಮಲಗುತ್ತಾರೆ, ಒಳಗೇ ಉಣ್ಣುತ್ತಾರೆ. ಗೇಟಿನ ಮುಂದೆ ಪಿಜಿ ಕಟ್ಟಿದರೆ ಯಾರು ಬರಬೇಕು?

ಹಾಗಂತ ಅಲ್ಲಿ ಯಾರಿಗೂ ಮನೆ ಬೇಕಿಲ್ಲ ಅಂತಲ್ಲ. ಮದುವೆಯಾದ ಸಂಶೋಧನಾ ವಿದ್ಯಾರ್ಥಿಗಳು, ಗುತ್ತಿಗೆ ಮೇಲೆ ಕೆಲಸ ಮಾಡುವ ಸೆಕ್ಯುರಿಟಿಯವರು, ಮೆಸ್ ಕೆಲಸದವರು, ಲ್ಯಾಬ್ ಸಹಾಯಕರು ಇರುತ್ತಾರೆ. ಇವರಿಗೆ ಕ್ಯಾಂಪಸ್ ಒಳಗೆ ಮನೆ ಸಿಗುವುದು ಕಷ್ಟ. ಇವರಿಗೆ ಬೇಕಾಗುವುದು ಒಂದು ರೂಮು, ಒಂದು ಅಡುಗೆಮನೆ, ಕೈಗೆಟಕುವ ಬಾಡಿಗೆ. ಆದರೆ ಬ್ರೋಷರ್‌ನಲ್ಲಿ ಇವರ ಫೋಟೋ ಇರುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಹಿಡಿದು ನಗುವ ಹುಡುಗಿಯ ಫೋಟೋ ಇರುತ್ತದೆ.

ಈಗ ಇದೇ ಊರಿನ ಸಪ್ತಾಪುರ ಬಡಾವಣೆಗೆ ಬನ್ನಿ. ಅಲ್ಲಿ ತುಂಬಿಕೊಂಡವರಲ್ಲಿ ಎಷ್ಟೋ ಜನ ಯಾವ ವಿಶ್ವವಿದ್ಯಾಲಯದ ಹಾಜರಿ ಪುಸ್ತಕದಲ್ಲೂ ಇಲ್ಲ. ಡಿಗ್ರಿ ಮುಗಿಸಿ ಪಿಎಸ್‌ಐ, ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವವರು. ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದವರು. ಇವರಿಗೆ ಕೋಚಿಂಗ್ ಸೆಂಟರ್, ಓದುವ ಕೋಣೆ, ಝೆರಾಕ್ಸ್ ಅಂಗಡಿ, ಖಾನಾವಳಿ ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ ಬೇಕು. ವಿಶ್ವವಿದ್ಯಾಲಯ ಈ ಊರಿಗೆ ಓದುವ ಊರು ಅನ್ನೋ ಹೆಸರು ತಂದುಕೊಟ್ಟಿತು. ಆ ಹೆಸರನ್ನು ನಂಬಿ ಬಂದವರು ಬಾಡಿಗೆ ಕೊಡುತ್ತಿದ್ದಾರೆ.

ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ: ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ? ವಿಶ್ವವಿದ್ಯಾಲಯದಲ್ಲಿ ಎಷ್ಟು ಸಾವಿರ ವಿದ್ಯಾರ್ಥಿಗಳಿದ್ದಾರೆ ಅನ್ನುವ ಲೆಕ್ಕ ಆಮೇಲೆ. ಅದರಲ್ಲಿ ದಿನಾ ಬಸ್ಸಿನಲ್ಲಿ ಬಂದು ಹೋಗುವವರನ್ನು ಕಳೆಯಿರಿ. ಹುಬ್ಬಳ್ಳಿ ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲೆ ಹುಬ್ಬಳ್ಳಿಯವರು ಧಾರವಾಡದಲ್ಲಿ ರೂಮು ಮಾಡುವ ಅಗತ್ಯ ಕಡಿಮೆಯಾಗಿದೆ. ವಿಶ್ವವಿದ್ಯಾಲಯದ್ದೇ ಹಾಸ್ಟೆಲ್‌ನಲ್ಲಿ ಇರುವವರನ್ನು ಕಳೆಯಿರಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್, ಮಠಗಳ ಪ್ರಸಾದ ನಿಲಯಗಳಲ್ಲಿ ಇರುವವರನ್ನೂ ಕಳೆಯಿರಿ. ಉಳಿದವರು ನಿಮ್ಮ ಗಿರಾಕಿಗಳು. ಅವರಲ್ಲೂ ಎಷ್ಟೋ ಜನ ನಾಲ್ಕು ಮಂದಿ ಸೇರಿ ಹಳೆಯ ಮನೆಯೊಂದನ್ನು ಬಾಡಿಗೆ ಹಿಡಿದಿರುತ್ತಾರೆ. ನಿಮ್ಮ ಹೊಸ ಟೈಲ್ಸ್ ನೋಡಿ ಅವರೇನು ಓಡಿ ಬರುವುದಿಲ್ಲ.

ಇದನ್ನು ತಿಳಿದುಕೊಳ್ಳಲು ಕನ್ಸಲ್ಟೆಂಟ್ ಬೇಡ. ಖಾನಾವಳಿಯವರನ್ನು ಕೇಳಿ. ತಿಂಗಳ ಲೆಕ್ಕದಲ್ಲಿ ಊಟ ಮಾಡುವವರು ಎಷ್ಟು ಜನ, ಯಾವ ತಿಂಗಳು ಕಡಿಮೆ ಆಗುತ್ತಾರೆ, ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಫರಕು ಅಂತ ಅವರಿಗೆ ಬಾಯಲ್ಲೇ ಗೊತ್ತು. ರಾತ್ರಿ ಹತ್ತು ಗಂಟೆಗೆ ಆ ಓಣಿಯಲ್ಲಿ ಒಂದು ಸುತ್ತು ಹಾಕಿ. ಹೆಣ್ಣುಮಕ್ಕಳ ಪಿಜಿ ಮಾಡುವವರಂತೂ ಇದನ್ನು ಮಾಡಲೇಬೇಕು. ಬೀದಿದೀಪ ಇಲ್ಲದ ರಸ್ತೆಯಲ್ಲಿ ಮಗಳನ್ನು ಬಿಡಲು ಯಾವ ಅಪ್ಪನೂ ಒಪ್ಪುವುದಿಲ್ಲ, ಬಾಡಿಗೆ ಐನೂರು ಕಡಿಮೆ ಅಂದರೂ.

ಇನ್ನೊಂದು ವಿಷಯ. ಈ ಬೇಡಿಕೆ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತು. ಅಧಿಸೂಚನೆ ಇಲ್ಲ ಅಂದರೆ ಮನೆಯಿಂದ ದುಡ್ಡು ತರಿಸಿಕೊಂಡು ಎಷ್ಟು ದಿನ ಅಂತ ಇಲ್ಲಿ ಕೂರುತ್ತಾರೆ? ಬೆಂಗಳೂರಿನಲ್ಲಿ ಆದ ಒಂದು ತೀರ್ಮಾನಕ್ಕೆ ಸಪ್ತಾಪುರದ ಬಾಡಿಗೆ ಅಲುಗಾಡಬಹುದು. ರಾಜಸ್ಥಾನದ ಕೋಟಾದಲ್ಲಿ ನೋಡಿ. ನೀಟ್, ಜೆಇಇ ಹುಡುಗರನ್ನು ನಂಬಿ ಸಾಲು ಸಾಲು ಹಾಸ್ಟೆಲ್ ಕಟ್ಟಿದರು. 2024ರ ಹೊತ್ತಿಗೆ ಬರುವವರ ಸಂಖ್ಯೆ ಇಳಿಯಿತು. ಎಷ್ಟೋ ಹಾಸ್ಟೆಲ್‌ಗಳು ಅರ್ಧ ಖಾಲಿಯಾಗಿ, ಬಾಡಿಗೆ ಇಳಿಸಿದರೂ ತುಂಬದೆ, ಸಾಲದ ಕಂತು ಕಟ್ಟಲು ಒದ್ದಾಡಿದವು.

ವಿಶ್ವವಿದ್ಯಾಲಯ ಅಂದ ಮಾತ್ರಕ್ಕೆ ಅದು ಅಲ್ಲೇ ಶಾಶ್ವತ ಅಂತಲೂ ಅಂದುಕೊಳ್ಳಬೇಡಿ. ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರದ ಹೊಸ ವಿಶ್ವವಿದ್ಯಾಲಯಗಳು ಬಂದು ಎರಡು ಮೂರು ವರ್ಷ ಆಗುವಷ್ಟರಲ್ಲೇ, 2025ರ ಫೆಬ್ರುವರಿಯಲ್ಲಿ, ಅವುಗಳಲ್ಲಿ ಅನುದಾನ ಇಲ್ಲ, ಮುಚ್ಚಬೇಕು ಅನ್ನುವ ಚರ್ಚೆ ಸಂಪುಟ ಉಪಸಮಿತಿಯಲ್ಲೇ ನಡೆಯಿತು. ಬೋರ್ಡು ನೋಡಿ ಪಕ್ಕದ ಹೊಲ ಕೊಂಡವರ ಪಾಡು ಯೋಚಿಸಿ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಹೇಳುವ ಅಂಕಿಗಳು ಬರೀ ಉದಾಹರಣೆ. ಇದೇ ಧಾರವಾಡದ ದರ ಅಂತ ಬರೆದುಕೊಳ್ಳಬೇಡಿ. ನಿಮ್ಮ ಓಣಿಯ ದರ ಹಾಕಿ ಮತ್ತೆ ಮಾಡಿ.

60 ಅಡಿಗೆ 40 ಅಡಿ ಜಾಗ, ಅಂದರೆ 2,400 ಚದರ ಅಡಿ. ಸುತ್ತ ಬಿಡಬೇಕಾದ ಜಾಗ ಬಿಟ್ಟು ಪ್ರತಿ ಮಹಡಿಗೆ 1,400 ಚದರ ಅಡಿ ಅಂತ ಇಟ್ಟುಕೊಳ್ಳಿ. ಮೂರು ಮಹಡಿಗೆ 4,200. ಅಡಿಗೆ 2,000 ರೂಪಾಯಿ ಅಂದರೆ 84 ಲಕ್ಷ. ಕಾಟು, ಗಾದಿ, ಬೋರ್‌ವೆಲ್, ಸೋಲಾರ್, ಕರೆಂಟು, ಪರವಾನಗಿ, ಎಂಜಿನಿಯರ್ ಫೀ ಎಲ್ಲ ಸೇರಿ ಇನ್ನು 16 ಲಕ್ಷ. ಒಟ್ಟು ಒಂದು ಕೋಟಿ. ಜಾಗ ಕೊಂಡಿದ್ದರೆ ಅಡಿಗೆ 2,500ರಂತೆ ಮತ್ತೆ 60 ಲಕ್ಷ.

ಒಬ್ಬರಿಗೆ ಬಾತ್‌ರೂಮು, ಮೆಟ್ಟಿಲು, ಓಡಾಡುವ ಜಾಗ ಎಲ್ಲ ಹಿಡಿದು 100 ಚದರ ಅಡಿ ಬೇಕು. ಹೀಗಾಗಿ 40 ಬೆಡ್. ಊಟ ಬಿಟ್ಟು ಬೆಡ್ಡಿಗೆ 4,000 ಬಾಡಿಗೆ. ಏಜೆಂಟ್ ಹೇಳುವ ಲೆಕ್ಕ ಏನು? 40 ಬೆಡ್, 12 ತಿಂಗಳು, ವರ್ಷಕ್ಕೆ 19 ಲಕ್ಷದ 20 ಸಾವಿರ. ಕೇಳಲು ಚೆನ್ನಾಗಿದೆ.

ನಿಜವಾಗಿ ಆಗುವುದೇನು? ಪರೀಕ್ಷೆ ಮುಗಿದು ಊರಿಗೆ ಹೋದ ಹುಡುಗರು ರಜೆಯ ಬಾಡಿಗೆ ಕೊಡುವುದಿಲ್ಲ. ಹತ್ತು ತಿಂಗಳು ಹಿಡಿಯಿರಿ. 40ರಲ್ಲಿ 34 ತುಂಬಿತು ಅನ್ನಿ. ಆಗ ಬರುವುದು 13 ಲಕ್ಷದ 60 ಸಾವಿರ. ಅದರಲ್ಲಿ ಕರೆಂಟು, ನೀರು, ಕಸ ಗುಡಿಸುವವರು, ವಾಚ್‌ಮನ್, ಆಸ್ತಿ ತೆರಿಗೆ, ಮುರಿದ ನಲ್ಲಿ, ಕಟ್ಟಿಕೊಂಡ ಪೈಪು ಅಂತ 4 ಲಕ್ಷ ಹೋಯಿತು. ಉಳಿದದ್ದು 9 ಲಕ್ಷದ 60 ಸಾವಿರ. ಜಾಗವೂ ಸೇರಿ ಹಾಕಿದ ಒಂದು ಕೋಟಿ 60 ಲಕ್ಷಕ್ಕೆ ನೂರಕ್ಕೆ ಆರು ರೂಪಾಯಿ. ಜಾಗ ಅಪ್ಪನ ಕಾಲದ್ದು ಅಂದರೆ ನೂರಕ್ಕೆ ಒಂಬತ್ತೂವರೆ ಮೇಲೆ.

ಇದರ ಜೊತೆ ಸಾಲ ಸೇರಿಸಿ. 70 ಲಕ್ಷ, ನೂರಕ್ಕೆ ಹತ್ತರ ಬಡ್ಡಿ, 15 ವರ್ಷ ಅಂದರೆ ತಿಂಗಳ ಕಂತು 75 ಸಾವಿರದ ಮೇಲೆ. ವರ್ಷಕ್ಕೆ 9 ಲಕ್ಷ. ನಿಮ್ಮ ಕೈಗೆ ಉಳಿಯುವುದು ಅರುವತ್ತು ಸಾವಿರಕ್ಕಿಂತ ಕಡಿಮೆ. ಅದೂ ಎಲ್ಲ ಸರಿಯಾಗಿ ನಡೆದರೆ. ಜಾಗ ಕೊಳ್ಳಲು ಬ್ಯಾಂಕು ಬಿಲ್ಡರ್‌ಗೆ ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಆ ದುಡ್ಡು ಬೇರೆ ಕಡೆಯಿಂದ, ಇನ್ನೂ ಜಾಸ್ತಿ ಬಡ್ಡಿಗೆ ಬರಬೇಕು. ಹೀಗಾಗಿ ಮೊದಲ ಪ್ರಾಜೆಕ್ಟಿಗೆ ಸಾಲ ಮಾಡಿ ಜಾಗ ಕೊಂಡು, ಮತ್ತೆ ಸಾಲ ಮಾಡಿ ಕಟ್ಟಿ, ಬಾಡಿಗೆಯಲ್ಲಿ ತೀರಿಸುತ್ತೇನೆ ಅನ್ನುವವರನ್ನು ಕಂಡರೆ ನನಗೆ ಭಯ.

ಈ ಲೆಕ್ಕದಲ್ಲಿ ಕಾಣದ ಇನ್ನೊಂದು ಖರ್ಚಿದೆ. ಸೆಂಟ್ರಿಂಗ್‌ನವರು ಬರಲಿಲ್ಲ, ಮಳೆ ಬಂತು ಅಂತ ಕೆಲಸ ಸೆಪ್ಟೆಂಬರ್ ಕೊನೆಗೆ ಹೋಯಿತು ಅನ್ನಿ. ಅಷ್ಟೊತ್ತಿಗೆ ಡಿಗ್ರಿ ಹುಡುಗರು ಎಲ್ಲೋ ರೂಮು ಹಿಡಿದು ಅಡ್ವಾನ್ಸ್ ಕೊಟ್ಟಾಗಿದೆ. ಮೂರು ತಿಂಗಳು ತಡ ಮಾಡಿ ಒಂದು ವರ್ಷದ ಬಾಡಿಗೆ ಕಳೆದುಕೊಂಡ ಹಾಗಾಯಿತು. ಬಿತ್ತನೆ ಹದ ತಪ್ಪಿದ ಹಾಗೆಯೇ ಇದು, ಹೊಲ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲೆಂಡರ್ ಹಿಂದಿನಿಂದ ಓದಿ. ಜೂನ್ ಕೊನೆಗೆ ಬೀಗದ ಕೈ ಕೊಡಬೇಕು ಅಂದರೆ ಪಾಯ ಯಾವಾಗ ತೋಡಬೇಕು ಅಂತ ಅಲ್ಲಿಂದ ಲೆಕ್ಕ ಹಾಕಿ.

ಕಾಗದಪತ್ರದ ವಿಷಯ. ಇಲ್ಲಿ ನಿದ್ದೆ ಬರುತ್ತದೆ ಅಂತ ಗೊತ್ತು, ಆದರೂ ಕೇಳಿ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದೆ ಅಂದರೆ ಎಲ್ಲ ಸರಿ ಇದೆ ಅಂತಲ್ಲ. ಉತಾರ ಈಗಿನ ಸ್ಥಿತಿ ಹೇಳುತ್ತದೆ, ಹೇಗೆ ಬಂತು ಅನ್ನೋದಕ್ಕೆ ಹಳೆಯ ಮ್ಯುಟೇಶನ್‌ಗಳನ್ನು, ಅಂದರೆ ಹಕ್ಕು ಬದಲಾದ ನಮೂದುಗಳನ್ನು, ಹಿಂದೆ ಹಿಂದೆ ಓದುತ್ತ ಹೋಗಬೇಕು. ಅಲ್ಲಿ ಸರ್ಕಾರದಿಂದ ಮಂಜೂರಾದ ಜಮೀನು ಅಂತ ಕಂಡರೆ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ, ಪಿಟಿಸಿಎಲ್ ಅಂತ ಕರೆಯುವ 1978ರ ಕಾಯ್ದೆ ಪ್ರಕಾರ ಆ ಖರೀದಿ ನಿಲ್ಲುವುದಿಲ್ಲ. ಭೂಮಿ ವಾಪಸ್ ಕೇಳುವ ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿದೆ, ಹೀಗಾಗಿ ಬಹಳ ವರ್ಷ ಆಗಿ ಹೋಯಿತು ಅನ್ನುವ ನೆಪವನ್ನು ನಂಬಿ ಕೂರಬೇಡಿ. ಕಾಯ್ದೆ ಇರುವುದು ಬಡವರ ಭೂಮಿ ಉಳಿಸಲು, ಅದು ಸರಿಯಾಗಿಯೇ ಇದೆ. ನೋಡದೆ ಕೊಳ್ಳುವವರದ್ದೇ ತಪ್ಪು.

ಆಮೇಲೆ ಅಕ್ಕತಂಗಿಯರು. "ಅವರಿಗೆ ಮದುವಿ ಮಾಡಿ ಕೊಟ್ಟೇವ್ರಿ, ಅವರದೇನೂ ತಕರಾರಿಲ್ಲ" ಅನ್ನುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ತಂದೆ ಆಗ ಬದುಕಿರಲಿ ಬಿಡಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ತಕರಾರಿಲ್ಲ ಅನ್ನುವುದು ನಿಜವೇ ಆಗಿದ್ದರೆ ಸಹಿ ಹಾಕಲು ಕಷ್ಟ ಏನು? ಸಹಿ ಬರುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಹೊಲ ಆಗಿದ್ದರೆ ಎನ್.ಎ., ಅಂದರೆ ಕೃಷಿಯೇತರ, ಆಗಬೇಕು. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು, ಸರಿ. ಕೊಂಡ ಹೊಲದಲ್ಲಿ ಕಟ್ಟಡ ಎಬ್ಬಿಸಲು ಮಾತ್ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಬೇಕು, ಹುಡಾದ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ, ಮಹಾಯೋಜನೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಅಂತಲೂ ನೋಡಬೇಕು. ಗುಂಟೆ ಪ್ಲಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 40 ಗುಂಟೆ ಸೇರಿ ಒಂದು ಎಕರೆ, ಒಂದು ಗುಂಟೆ 1,089 ಚದರ ಅಡಿ. ಅಗ್ಗ ಅನ್ನಿಸುತ್ತದೆ. ಆದರೆ ರಸ್ತೆ, ಗಟಾರ, ಮಂಜೂರಾದ ನಕ್ಷೆ ಒಂದೂ ಇಲ್ಲದ ಕಡೆ ಬ್ಯಾಂಕು ಸಾಲ ಕೊಡುವುದಿಲ್ಲ, ಪಾಲಿಕೆ ಪರವಾನಗಿ ಕೊಡುವುದಿಲ್ಲ.

ಕೊಠಡಿ ಬಾಡಿಗೆಗೆ ಕೊಡುವುದು ಬೇರೆ, ಫ್ಲ್ಯಾಟ್ ಮಾಡಿ ಮಾರುವುದು ಬೇರೆ. ಮಾರುವುದಾದರೆ ರೇರಾ, ಅಂದರೆ ಫ್ಲ್ಯಾಟ್ ಕೊಳ್ಳುವವರನ್ನು ಕಾಯುವ ಕಾಯ್ದೆ, ಬರುತ್ತದೆ. ಜಾಗ 500 ಚದರ ಮೀಟರ್ ದಾಟಿದರೆ, ಇಲ್ಲವೇ ಫ್ಲ್ಯಾಟುಗಳು ಎಂಟು ದಾಟಿದರೆ, ನೋಂದಣಿ ಆಗದೆ ಜಾಹೀರಾತು ಕೂಡ ಕೊಡುವಂತಿಲ್ಲ. ಗಿರಾಕಿಗಳ ದುಡ್ಡಿನಲ್ಲಿ ನೂರಕ್ಕೆ 70 ಪಾಲು ಬೇರೆ ಖಾತೆಯಲ್ಲಿ ಇರಬೇಕು, ಆ ಕಟ್ಟಡಕ್ಕೇ ಖರ್ಚಾಗಬೇಕು. ಒಪ್ಪಂದ ನೋಂದಣಿ ಆಗುವ ಮೊದಲು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಕೀಲಿ ಕೊಟ್ಟ ಮೇಲೂ ಐದು ವರ್ಷ ಕಟ್ಟಡದ ದೋಷಕ್ಕೆ ನೀವೇ ಹೊಣೆ. ಇದನ್ನೆಲ್ಲ ಕೇಳಿ ಬೆವರು ಬಂದರೆ ಮೊದಲ ಸಲ ಬಾಡಿಗೆ ಕಟ್ಟಡವೇ ವಾಸಿ. ಅಲ್ಲಿ ತಪ್ಪಾದರೂ ಅನುಭವಿಸುವವರು ನೀವು. ಊರವರ ದುಡ್ಡು ಮುಳುಗುವುದಿಲ್ಲ.

ಜಾಗ ಇದ್ದೂ ದುಡ್ಡಿಲ್ಲದವರು ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಳ್ಳಬಹುದು: ಜಾಗ ನಿಮ್ಮದು, ಕಟ್ಟುವ ಖರ್ಚು ಅವರದ್ದು, ಕಟ್ಟಡದಲ್ಲಿ ಇಬ್ಬರಿಗೂ ಪಾಲು. ಎಲ್ಲರೂ ಪಾಲು ಎಷ್ಟು ಅಂತ ಜಗಳ ಆಡುತ್ತಾರೆ, ಐವತ್ತೋ ನಲವತ್ತೋ ಅಂತ. ನಾನಾದರೆ ಬೇರೆ ಮೂರು ವಿಷಯಕ್ಕೆ ಜಗಳ ಆಡುತ್ತೇನೆ. ಯಾವ ಮಹಡಿಯ ಯಾವ ಮೂಲೆ ನನ್ನದು ಅಂತ ನಕ್ಷೆಯಲ್ಲಿ ಗುರುತು ಇದೆಯಾ? ತಡವಾದರೆ ತಿಂಗಳಿಗೆ ಎಷ್ಟು ಕೊಡುತ್ತಾರೆ? ಕೆಲಸ ಅರ್ಧಕ್ಕೆ ನಿಂತರೆ ಕೊಟ್ಟ ಮುಖತ್ಯಾರ ಪತ್ರ ಹೇಗೆ ರದ್ದಾಗುತ್ತದೆ? ಮೂರನೆಯದಕ್ಕೆ ಉತ್ತರ ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಮಣ್ಣಿನ ಬಗ್ಗೆ ಹೇಳದೆ ಧಾರವಾಡದಲ್ಲಿ ಕಟ್ಟಡದ ಮಾತು ಮುಗಿಸಲು ಆಗುವುದಿಲ್ಲ. ನಮ್ಮ ಊರಿನ ಪಶ್ಚಿಮಕ್ಕೆ ಹೋದರೆ ಮಸಾರಿ, ಅಂದರೆ ಕೆಂಪು ಮಣ್ಣು, ಪೂರ್ವಕ್ಕೆ ಹೋದರೆ ಎರಿ, ಅಂದರೆ ಕಪ್ಪು ಮಣ್ಣು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿದರೆ ಎರಡು ಮಳೆಗಾಲದಲ್ಲಿ ಗೋಡೆ ಓರೆಯಾಗಿ ಸೀಳುತ್ತದೆ. ಉಬ್ಬುವ ಪದರ ದಾಟಿ ಕೆಳಗೆ ಹೋಗಬೇಕು, ಇಲ್ಲವೇ ಬುಡದಲ್ಲಿ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆ ಅಂತಲೇ ಇದನ್ನು ರೂಪಿಸಿತು. ಪಕ್ಕದ ಮನೆಯವರದ್ದು ಐದು ಅಡಿ ಪಾಯ, ನಮಗೂ ಅಷ್ಟೇ ಸಾಕು ಅನ್ನಬೇಡಿ. ಮಣ್ಣಿನ ಪರೀಕ್ಷೆ ಮಾಡಿಸಿ.

2019ರ ಮಾರ್ಚ್‌ನಲ್ಲಿ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದದ್ದು ನಿಮಗೆಲ್ಲ ನೆನಪಿದೆ. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಈ ಊರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಫೀಸಿನಲ್ಲಿ ಚೌಕಾಸಿ ಮಾಡುವವರಿಗೆ ನಾನು ಬೇರೆ ಏನೂ ಹೇಳುವುದಿಲ್ಲ, ಆ ಓಣಿಯ ಹೆಸರು ಹೇಳುತ್ತೇನೆ.

ನೆಲಮಾಳಿಗೆಯಲ್ಲಿ ಓದುವ ಕೋಣೆ ಮಾಡುವ ಆಸೆ ಇರುವವರಿಗೂ ಒಂದು ಮಾತು. 2024ರ ಜುಲೈನಲ್ಲಿ ದೆಹಲಿಯ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರಿನ ನೆಲಮಾಳಿಗೆಯ ಲೈಬ್ರರಿಗೆ ಮಳೆ ನೀರು ನುಗ್ಗಿ, ಐಎಎಸ್ ಕನಸಿನ ಮೂವರು ಸತ್ತರು. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ ಬೆಂಚು ಹಾಕಬೇಡಿ. ಅವಘಡ ಆದರೆ ಹೊರಗೆ ಓಡಲು ಇನ್ನೊಂದು ಮೆಟ್ಟಿಲ ದಾರಿಯೂ ಇರಲಿ, ಅದಕ್ಕೆ ಎರಡು ಬೆಡ್ ಜಾಗ ಹೋದರೆ ಹೋಗಲಿ.

ನೀರಿನದು ಸಣ್ಣ ಮಾತಲ್ಲ, ಆದರೆ ಬೇಗ ಹೇಳಿ ಮುಗಿಸುತ್ತೇನೆ. 24 ಗಂಟೆ ನೀರಿನ ಯೋಜನೆ ಶುರುವಾಗಿ ಹತ್ತಿರ ಹತ್ತಿರ ಎರಡು ದಶಕ ಆದರೂ ಎಲ್ಲ ಬಡಾವಣೆಗೆ ಮಲಪ್ರಭೆ ದಿನಾ ಬರುವುದಿಲ್ಲ. ನಲವತ್ತು ಜನಕ್ಕೆ ದಿನಕ್ಕೆ 100 ಲೀಟರ್ ಅಂದರೂ 4,000 ಲೀಟರ್. ವಾರಕ್ಕೊಮ್ಮೆ ನೀರು ಬರುವ ಕಡೆ 28,000 ಲೀಟರಿನ ನೆಲ ಟ್ಯಾಂಕ್ ಬೇಕು. ಅದನ್ನು ಪಾಯದ ಹೊತ್ತಿಗೇ ಕಟ್ಟಿ, ಆಮೇಲೆ ಜಾಗ ಇರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳು.

"ಸರ್, ನಮ್ಮ ಹೊಲ ಚಿಕ್ಕಮಲ್ಲಿಗವಾಡ ಕಡೆ ಎರಡು ಎಕರೆ ಐತ್ರಿ. ಈಗ ಮಾರ್ಲ್ಯೋ, ಲೇಔಟ್ ಮಾಡ್ಲ್ಯೋ?"

ಅವಸರ ಏನಿದೆ? ಎರಡು ಎಕರೆ ಲೇಔಟಿನಲ್ಲಿ ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗದ ಜಾಗ ಅಂತ ಬಿಟ್ಟು ಮಾರಲು ಉಳಿಯುವುದು ಹತ್ತಿರ ಹತ್ತಿರ ಅರ್ಧ. ಗಟಾರ, ಕರೆಂಟಿನ ಖರ್ಚು ಮಾತ್ರ ಸಣ್ಣ ಲೇಔಟ್ ಅಂತ ಅರ್ಧ ಆಗುವುದಿಲ್ಲ. ಬಾಜೂ ಹೊಲದವರು ಸೇರಿದರೆ ಯೋಚನೆ ಮಾಡಿ. ಇಲ್ಲದಿದ್ದರೆ ಸೋಯಾ ಬೆಳೆಯಿರಿ, ಹೆಸರು ಬೆಳೆಯಿರಿ. ಹೊಲ ನಿಮ್ಮನ್ನು ಬಡ್ಡಿ ಕೇಳುವುದಿಲ್ಲ.

"ಪಿಜಿಗೆ ಜಿಎಸ್‌ಟಿ ಹಾಕ್ತಾರಂತಲ್ರೀ?"

ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಒಳಗೆ ಇದ್ದು, ಅವರು ಒಂದೇ ಸಮ 90 ದಿನಕ್ಕೆ ಕಡಿಮೆ ಇಲ್ಲದೆ ಉಳಿದರೆ ಇಲ್ಲ. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಮಾಡಿದ ತೀರ್ಮಾನ ಇದು. ಪರೀಕ್ಷೆ ಬರೆಯಲು ಎರಡು ದಿನ ಬಂದವರಿಗೆ ರೂಮು ಕೊಡುತ್ತೀರಿ ಅಂದರೆ ಅದು ಬೇರೆ ಲೆಕ್ಕ, ಆಡಿಟರ್‌ನ್ನು ಕೇಳಿ.

"ಮುಂದೆ ಹುಡುಗರೇ ಬರಲಿಲ್ಲ ಅಂದ್ರ ಕಟ್ಟಡ ಏನ್ ಮಾಡೋದ್ರೀ?"

ಇದನ್ನು ನಕ್ಷೆ ಬಿಡಿಸುವಾಗಲೇ ಕೇಳಬೇಕು. ಪ್ರತಿ ಮಹಡಿಯಲ್ಲಿ ನಾಲ್ಕು ರೂಮುಗಳ ನಡುವಿನ ಒಂದು ಗೋಡೆ ಒಡೆದರೆ ಎರಡು ಬೆಡ್‌ರೂಮಿನ ಮನೆ ಆಗುವ ಹಾಗೆ ಕಂಬ ನಿಲ್ಲಿಸಿ. ಅಡುಗೆಮನೆ ಬರಬಹುದಾದ ಮೂಲೆಗೆ ಈಗಲೇ ಒಂದು ನೀರಿನ ಪೈಪು, ಒಂದು ಡ್ರೇನ್ ಪೈಪು ಎಳೆದು ಮುಚ್ಚಿಡಿ. ಇವತ್ತು ಇದಕ್ಕೆ ಆಗುವ ಖರ್ಚು ಅಷ್ಟೇನಿಲ್ಲ. ಆಮೇಲೆ ಮಾಡಲು ಹೋದರೆ ಟೈಲ್ಸ್ ಎಲ್ಲ ಕೀಳಬೇಕು. ಹುಡುಗರು ಬರದಿದ್ದರೂ ಸಂಸಾರಸ್ಥರು ಬರುತ್ತಾರೆ.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಒಬ್ಬರು ಕೇಳಿದರು: "ನಮ್ಮದು ದೊಡ್ಡ ಪ್ರಾಜೆಕ್ಟ್ ಅಲ್ರೀ ಸರ್. ಇಲ್ಲೇ ಧಾರವಾಡದ ಶ್ರೀನಗರದಾಗ ಮನಿ ಐತಿ, ಮ್ಯಾಲಿನ ಮಹಡಿ ಖಾಲಿ ಐತಿ. ಹೆಣ್ಣುಮಕ್ಕಳ ಪಿಜಿ ಮಾಡಬೇಕಂತೀನಿ."

ಅಕ್ಕಾ, ಇಲ್ಲಿ ಇರುವವರಲ್ಲಿ ನಿಮ್ಮದೇ ಎಲ್ಲಕ್ಕಿಂತ ಒಳ್ಳೆಯ ಮೊದಲ ಪ್ರಾಜೆಕ್ಟ್. ಜಾಗ ನಿಮ್ಮದು, ಕಟ್ಟಡ ನಿಂತಿದೆ, ಸಾಲ ಬೇಕಿಲ್ಲ. ಎಂಟು ಬೆಡ್‌ಗಳಿಂದ ಶುರು ಮಾಡಿ. ಹೊರಗಿನಿಂದ ಬೇರೆ ಮೆಟ್ಟಿಲು ಮಾಡಿಸಿ, ಬೇರೆ ಮೀಟರ್ ಹಾಕಿಸಿ. ಪಾಲಿಕೆಗೆ ಹೋಗಿ ಏನೇನು ಪರವಾನಗಿ ಬೇಕು ಅಂತ ಕೇಳಿ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಒಂದು ವರ್ಷ ನಡೆಸಿದರೆ ಯಾವ ತಿಂಗಳು ಖಾಲಿ, ಯಾರು ಬಾಡಿಗೆ ತಡ ಮಾಡುತ್ತಾರೆ, ಅಪ್ಪ ಅಮ್ಮ ಫೋನ್ ಮಾಡಿ ಏನು ಕೇಳುತ್ತಾರೆ ಅಂತೆಲ್ಲ ಗೊತ್ತಾಗುತ್ತದೆ. ಹಿಂದಿನ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾ ಅನ್ನೋದನ್ನು ಆಗ ಯೋಚಿಸಿ. ಸದ್ಯಕ್ಕೆ ಪೇಂಟು, ಬಾತ್‌ರೂಮಿನ ಕೆಲಸ ಎಲ್ಲ ಮೇ ತಿಂಗಳ ಒಳಗೆ ಮುಗಿಸಿ. ಜೂನ್ ಬಂತು ಅಂದರೆ ಧಾರವಾಡದಲ್ಲಿ ಗೋಡೆ ಒಣಗುವುದಿಲ್ಲ.